ನಲ್ಲಿಯ ನೀರೂ ನಮ್ಮ ಓಟೂ

ತಾಲ್ಲೂಕು ಕೇಂದ್ರವಾದ ನಮ್ಮ ಊರಿನಲ್ಲಿ ಹೆಂಗಸರು ನಾಲ್ಕು ಜನ ಸೇರಿದರೆ ಮಾತು ಪುರಸಭೆಯ ಕಡೆಗೆ ಹೊರಳದೆ ಇರುವುದಿಲ್ಲ. ನಲ್ಲಿಯಲ್ಲಿ ನೀರು ಬಂದು ನಾಲ್ಕು ದಿನವಾಯಿತು, ಚರಂಡಿ ಕಟ್ಟಿಕೊಂಡಿದೆ, ಬೀದಿದೀಪ ಉರಿಯುತ್ತಿಲ್ಲ, ಕಸದ ಗಾಡಿ ಮೂಲೆಮನೆಯವರೆಗೆ ಬರುವುದಿಲ್ಲ. ಇವೆಲ್ಲ ದೆಹಲಿಯಲ್ಲೋ ವಿಧಾನಸೌಧದಲ್ಲೋ ತೀರ್ಮಾನವಾಗುವ ಸಂಗತಿಗಳಲ್ಲ. ಆದರೂ ಪುರಸಭೆ ಚುನಾವಣೆ ಬಂದಾಗ, "ಅಯ್ಯೋ ಬಿಡಿ ಮೇಡಂ, ಯಾರು ಬಂದರೂ ಅಷ್ಟೇ" ಎನ್ನುವವರೂ ಈ ಗುಂಪಿನಲ್ಲೇ ಇರುತ್ತಾರೆ. ಲೋಕಸಭೆಗೆ ತಪ್ಪದೆ ಓಟು ಹಾಕುವವರು, ತಮ್ಮ ಮನೆಯ ಮುಂದಿನ ಮೋರಿಗೆ ಸಂಬಂಧಪಟ್ಟ ಓಟನ್ನು ಮಾತ್ರ ಬಿಟ್ಟುಬಿಡುತ್ತಾರೆ.

ಇದನ್ನು ಸೋಮಾರಿತನ ಎಂದು ಬೈದು ಸುಮ್ಮನಾಗುವುದು ಸುಲಭ. ಆದರೆ ಸಮಾಜ ವಿಜ್ಞಾನದ ಪಾಠ ಹೇಳುತ್ತಾ ಬಂದಿರುವ ನನಗೆ ಅಷ್ಟರಿಂದ ಸಮಾಧಾನವಾಗುವುದಿಲ್ಲ. ನಮ್ಮ ರಾಜ್ಯದ್ದೇ ಲೆಕ್ಕ ನೋಡಿ. 2020ರ ಡಿಸೆಂಬರಿನಲ್ಲಿ, ಕೊರೊನಾ ಭಯದ ನಡುವೆಯೇ ನಡೆದ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ನೂರಕ್ಕೆ 80ರಷ್ಟು ಜನ ಓಟು ಹಾಕಿದರು. 2018ರಲ್ಲಿ ಪಟ್ಟಣಗಳ ಚುನಾವಣೆ ನಡೆದಾಗ ಬಂದವರು ಸುಮಾರು ಮೂರರಲ್ಲಿ ಎರಡು ಪಾಲು. ಬೆಂಗಳೂರು ಮಹಾನಗರ ಪಾಲಿಕೆಗೆ 2010ರಲ್ಲೂ 2015ರಲ್ಲೂ ಅರ್ಧದಷ್ಟು ಮತದಾರರು ಸಹ ಬರಲಿಲ್ಲ. ಓದು, ರಸ್ತೆ, ಬಸ್ಸು ಹೆಚ್ಚಾದಷ್ಟೂ ಓಟು ಕಡಿಮೆಯಾಗಿದೆ! ಹಳ್ಳಿಯ ಹೆಂಗಸಿಗಿರುವ ಉತ್ಸಾಹ ಪಟ್ಟಣದವಳಿಗೆ ಏಕಿಲ್ಲ?

ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮಲ್ಲಿ ಸ್ಥಳೀಯ ಸ್ವಯಂ ಆಡಳಿತದ ಮಾತು ಬಂದಾಗ ಲಾರ್ಡ್ ರಿಪ್ಪನ್ನನ 1882ರ ನಿರ್ಣಯವನ್ನು ಮೊದಲು ನೆನೆಯುತ್ತಾರೆ. ಊರಿನ ಕೆಲಸ ಊರವರೇ ಆರಿಸಿದವರ ಕೈಯಲ್ಲಿರಲಿ ಎಂಬುದು ಆತನ ಆಶಯ. ಆದರೆ ಆ ಕಾಲದಲ್ಲಿ ಓಟು ಇದ್ದದ್ದು ಆಸ್ತಿ ಇದ್ದವರಿಗೆ, ತೆರಿಗೆ ಕಟ್ಟುವವರಿಗೆ. ಮನೆ ಯಜಮಾನನ ಹೆಸರಿನಲ್ಲಿ, ಕಂದಾಯದ ರಸೀತಿ ಯಜಮಾನನ ಕೈಯಲ್ಲಿ, ಓಟೂ ಅವನದೇ. ಸಂವಿಧಾನ ಬಂದು ವಯಸ್ಕರೆಲ್ಲರಿಗೂ ಓಟು ಸಿಕ್ಕಿದ ಮೇಲೂ, ಮುನಿಸಿಪಾಲಿಟಿ ಎಂದರೆ ಗಂಡಸರ ವ್ಯವಹಾರ ಎಂಬ ಭಾವನೆ ಎಷ್ಟೋ ಮನೆಗಳಲ್ಲಿ ಹಾಗೆಯೇ ಉಳಿಯಿತು. ನೀರು ಹಿಡಿಯುವವಳು ಹೆಂಡತಿ, ನೀರಿನ ಬಗ್ಗೆ ಅರ್ಜಿ ಬರೆಯುವವನು ಗಂಡ.

ಕರ್ನಾಟಕದ ಹಳ್ಳಿಗಳಲ್ಲಿ ಈ ಕಟ್ಟು ಸಡಿಲವಾದದ್ದು 1987ರಲ್ಲಿ. ರಾಮಕೃಷ್ಣ ಹೆಗಡೆಯವರ ಸರ್ಕಾರ 1983ರಲ್ಲಿ ತಂದ ಕಾಯಿದೆಯಂತೆ ಆ ವರ್ಷದ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ನೂರಕ್ಕೆ 25 ಸ್ಥಾನ ಮಹಿಳೆಯರಿಗೆ ಮೀಸಲು. ಇದರ ಹಿಂದೆ ದುಡಿದ ಮಂತ್ರಿ ಅಬ್ದುಲ್ ನಜೀರ್ ಸಾಬ್ ಅವರನ್ನು ಜನ 'ನೀರ್ ಸಾಬ್' ಎಂದೇ ಕರೆದರು, ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದ್ದಕ್ಕೆ. ಕುಡಿಯುವ ನೀರನ್ನೂ ಪಂಚಾಯಿತಿಯ ಅಧಿಕಾರವನ್ನೂ ಒಬ್ಬರೇ ಮನುಷ್ಯ ಕೈಗೆತ್ತಿಕೊಂಡದ್ದು ಹೆಂಗಸರ ಪಾಲಿಗೆ ಸಣ್ಣ ಸಂಗತಿಯಲ್ಲ. ಕೊಡ ಹೊತ್ತು ನಡೆದವಳಿಗೆ ಬೋರ್‌ವೆಲ್ ಎಲ್ಲಿ ಬೇಕೆಂದು ಹೇಳುವ ಜಾಗವೊಂದು ಸಿಕ್ಕಿತು. 1993ರ ಹೊಸ ಕಾಯಿದೆಯಲ್ಲಿ ಮೀಸಲು ಮೂರರಲ್ಲೊಂದು ಭಾಗವಾಯಿತು, 2010ರಲ್ಲಿ ಅರ್ಧವಾಯಿತು.

ಶಿಕ್ಷಕಿಯಾದ ಮೇಲೆ ಚುನಾವಣೆ ಕರ್ತವ್ಯ ತಪ್ಪಿದ್ದಲ್ಲ. ಒಮ್ಮೆ ಗ್ರಾಮ ಪಂಚಾಯಿತಿ ಚುನಾವಣೆಯ ಹಿಂದಿನ ರಾತ್ರಿ ಹಳ್ಳಿಯ ಶಾಲೆಯಲ್ಲಿ ಮತಪೆಟ್ಟಿಗೆ ಇಟ್ಟುಕೊಂಡು ತಂಗಿದ್ದೆವು. ಬಿಸಿಯೂಟದ ಅಡುಗೆಯಾಕೆ ಊಟ ತಂದಳು. "ಇಲ್ಲಿ ಎಲ್ಲರೂ ಓಟು ಹಾಕ್ತಾರೇನಮ್ಮಾ?" ಎಂದು ಕೇಳಿದೆ. "ಹಾಕ್ದೆ ಇದ್ರೆ ಆಯ್ತದಾ ಟೀಚರಮ್ಮ? ನಿಂತಿರೋ ನಾಕು ಜನಾನೂ ನಮ್ಮನೆ ಮದುವೇಲಿ ಉಂಡೋರೇ. ನಾಳೆ ನೀರು ಬರ್ಲಿಲ್ಲ ಅಂದ್ರೆ ಅವರ ಮನೆ ಬಾಗಿಲಿಗೇ ಅಲ್ವಾ ನಾನು ಹೋಗೋದು!" ಎಂದಳು.

ರಾಜ್ಯಶಾಸ್ತ್ರದ ಪುಸ್ತಕದಲ್ಲಿ ಇಷ್ಟು ಸರಳ ಉತ್ತರ ನನಗೆ ಸಿಕ್ಕಿರಲಿಲ್ಲ. ನಮ್ಮ ಕಾಯಿದೆಯಂತೆ ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಬೆಂಗಳೂರಿನ ಹಿಂದಿನ ಪಾಲಿಕೆಯಲ್ಲಿ 2011ರ ಜನಗಣತಿಯಂತೆ 84 ಲಕ್ಷ ಜನಕ್ಕೆ 198 ವಾರ್ಡುಗಳಿದ್ದವು. ಅಂದರೆ 42,000 ಜನಕ್ಕೆ ಒಬ್ಬ. ಒಂದು ಕಡೆ ಸದಸ್ಯೆಯ ಮನೆಯ ಬಾಗಿಲು ಗೊತ್ತು, ಇನ್ನೊಂದು ಕಡೆ ಗೋಡೆಯ ಮೇಲಿನ ಫೋಟೋ ಮಾತ್ರ ಗೊತ್ತು. ನಾನೂರು ಜನರ ನಡುವೆ ಒಂದು ಓಟಿಗೆ ತೂಕವಿದೆ; ಸಮವಾಗಿ ಬಿದ್ದರೆ ಚೀಟಿ ಎತ್ತುವ ಪ್ರಸಂಗವೂ ಬರುತ್ತದೆ. ಹಳ್ಳಿಯಲ್ಲಿ ಎಲ್ಲವೂ ಚೆನ್ನ ಎಂದು ನಾನು ಹೇಳುತ್ತಿಲ್ಲ. ಜಾತಿ, ನಂಟಸ್ತಿಕೆ, ಹಣ, ಹೆಂಡ ಎಲ್ಲವೂ ಅಲ್ಲಿವೆ. ಗೆದ್ದ ಹೆಂಡತಿಯ ಕುರ್ಚಿಯಲ್ಲಿ ಗಂಡ ಕೂರುವುದೂ ಇದೆ. ಆದರೆ ಓಟಿಗೂ ನೀರಿಗೂ ನಡುವಿನ ದಾರಿ ಅಲ್ಲಿ ಕಣ್ಣಿಗೆ ಕಾಣುವಷ್ಟು ಹತ್ತಿರ.

ಪಟ್ಟಣದಲ್ಲಿ ಆ ದಾರಿಯನ್ನು ಮುಚ್ಚಿದವರು ಮತದಾರರಲ್ಲ. 2018ರಲ್ಲಿ ನಾವು ಆರಿಸಿ ಕಳಿಸಿದ ಸದಸ್ಯರ ಗತಿ ಏನಾಯಿತು? ಅಧ್ಯಕ್ಷ ಸ್ಥಾನದ ಮೀಸಲಾತಿ ಕೋರ್ಟಿನಲ್ಲಿ ಸಿಕ್ಕಿಕೊಂಡು, ಎಷ್ಟೋ ಊರುಗಳಲ್ಲಿ ಗೆದ್ದವರು ಸುಮಾರು ಎರಡು ವರ್ಷ ಅಧಿಕಾರವಿಲ್ಲದೆ ಮನೆಯಲ್ಲಿ ಕುಳಿತರು. ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದರೆ, 2025ರಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆಯುವವರೆಗೂ ಚುನಾವಣೆಯೇ ನಡೆಯಲಿಲ್ಲ. ಈ ರೋಗ ಹಳೆಯದು. ಮಂಡಲ ಪಂಚಾಯಿತಿಗಳ ಅವಧಿ 1992ರಲ್ಲಿ ಮುಗಿದಾಗಲೂ ಅಧಿಕಾರಿಗಳನ್ನು ಕೂರಿಸಿ, ಚುನಾವಣೆಯನ್ನು 1993ರ ಡಿಸೆಂಬರಿನವರೆಗೆ ತಳ್ಳಿದ್ದರು. ದೇಶದಾದ್ಯಂತ ಇಂಥದ್ದು ನಿಲ್ಲಲೆಂದೇ 1993ರಲ್ಲಿ ಜಾರಿಗೆ ಬಂದ 73 ಮತ್ತು 74ನೆಯ ತಿದ್ದುಪಡಿಗಳು ಐದು ವರ್ಷಕ್ಕೊಮ್ಮೆ ಚುನಾವಣೆ ಆಗಲೇಬೇಕೆಂದು ವಿಧಿಸಿದವು. ಸರ್ಕಾರಗಳು ಸಂವಿಧಾನದ ಮಾತನ್ನೇ ಮುಂದೂಡಿದ ಮೇಲೆ, "ಯಾರು ಬಂದರೂ ಅಷ್ಟೇ" ಎನ್ನುವ ಗೃಹಿಣಿಯೊಬ್ಬಳನ್ನೇ ದೂರಿದರೆ ಹೇಗೆ? ದಿನವೂ ದೀಪ ಹಚ್ಚುವ ಮನೆಯಲ್ಲಿ ಹಚ್ಚುವುದು ಯಾರಿಗೂ ಮರೆಯುವುದಿಲ್ಲ. ವರ್ಷಗಟ್ಟಲೆ ಹಚ್ಚದಿದ್ದರೆ ಬತ್ತಿ ಎಲ್ಲಿದೆ ಎಂಬುದೇ ಮರೆತುಹೋಗುತ್ತದೆ.

ಬಲವಂತದಿಂದ ಓಟು ಹಾಕಿಸಬೇಕೆನ್ನುವವರೂ ಇದ್ದಾರೆ. ಗುಜರಾತಿನಲ್ಲಿ ಸ್ಥಳೀಯ ಚುನಾವಣೆಗೆ ಮತದಾನ ಕಡ್ಡಾಯ ಮಾಡುವ ಕಾಯಿದೆಯನ್ನೇ ತಂದರು. 2015ರಲ್ಲಿ ಅಲ್ಲಿನ ಹೈಕೋರ್ಟು ಅದಕ್ಕೆ ತಡೆ ನೀಡಿತು. ದಂಡಕ್ಕೆ ಹೆದರಿ ಬಂದವಳು ಒತ್ತುವ ಮುದ್ರೆಯಿಂದ ನಲ್ಲಿಗೆ ನೀರು ಬಂದೀತೇ? ಚುನಾವಣೆ ಹೊತ್ತಿಗೆ ಸರಿಯಾಗಿ ಬರಲಿ, ಗೆದ್ದವರ ಕೈಗೆ ಅಧಿಕಾರ ಬರಲಿ, ಅವರ ಮನೆಯ ಬಾಗಿಲು ನಮಗೆ ಗೊತ್ತಿರಲಿ. ಆಗ ಜನ ತಾವಾಗಿಯೇ ಬರುತ್ತಾರೆ.

ಇಷ್ಟಾದ ಮೇಲೂ ನಮ್ಮ ಪಾಲಿನ ಕೆಲಸವೊಂದು ಉಳಿಯುತ್ತದೆ. 1951-52ರ ಮೊದಲ ಮಹಾ ಚುನಾವಣೆಯಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರುಗಳನ್ನು ಪಟ್ಟಿಯಿಂದ ಬಿಡಬೇಕಾಯಿತು. ಅವರಲ್ಲಿ ಹೆಚ್ಚಿನವರು ಉತ್ತರದ ಪ್ರಾಂತಗಳವರು. ಇಂಥವರ ತಾಯಿ, ಇಂಥವರ ಹೆಂಡತಿ ಎಂದರೇ ಹೊರತು ಸ್ವಂತ ಹೆಸರು ಹೇಳಲಿಲ್ಲ. ಇಂದು ನಮಗೆ ಹೆಸರು ಹೇಳಲು ನಾಚಿಕೆಯಿಲ್ಲ, ಆದರೆ ಹೆಸರು ಎಲ್ಲಿದೆ ನೋಡಿ: ಸಂಸಾರ ಗಂಡನ ಊರಿನಲ್ಲಿ, ಹೆಸರು ತವರಿನ ಪಟ್ಟಿಯಲ್ಲಿ! ವರ್ಗವಾಗಿ ಬಂದ ಮನೆಗಳಲ್ಲೂ ಇದೇ ಕಥೆ. ರೇಷನ್ ಕಾರ್ಡಿಗೆ ಸೊಸೆಯ ಹೆಸರು ಸೇರಿಸಲು ಮೂರು ಸಲ ಕಚೇರಿಗೆ ಅಲೆಯುವ ನಾವು, ಓಟರ್ ಪಟ್ಟಿಯಲ್ಲಿ ವಿಳಾಸ ಬದಲಿಸುವ ನಮೂನೆ 8ನ್ನು ತುಂಬಲು ಬೇಸರಪಡಬೇಕಾಗಿಲ್ಲ. ಮನೆಗೆ ಬರುವ ಬೂತ್ ಅಧಿಕಾರಿ ಸಾಮಾನ್ಯವಾಗಿ ನನ್ನಂಥ ಶಿಕ್ಷಕಿಯೋ, ಅಂಗನವಾಡಿಯ ಕಾರ್ಯಕರ್ತೆಯೋ ಆಗಿರುತ್ತಾಳೆ. "ಯಜಮಾನರು ಮನೆಯಲ್ಲಿಲ್ಲ, ಆಮೇಲೆ ಬನ್ನಿ" ಎಂದು ಅವಳನ್ನು ಬಾಗಿಲಿಂದಲೇ ಕಳಿಸಬೇಡಿ. ಅವಳು ಕೇಳಲು ಬಂದಿರುವುದು ನಿಮ್ಮ ಹೆಸರನ್ನೂ ಕೂಡ.