ಬೆಳ್ಗೊಳದ ವರ್ತಕರು ಮತ್ತು ಪರಸ್ಪರ ಹೊಣೆಯ ಒಪ್ಪಂದಗಳು

ತನ್ನ ಕೆಲಸವೊಂದನ್ನು ಹೊರಗಿನವರ ಕೈಗೆ ಒಪ್ಪಿಸಿ, ಅದರಿಂದ ಉಭಯತ್ರರಿಗೂ ಹಿತವಾಗುವಂತೆ ಸಂಬಂಧವನ್ನು ಕಟ್ಟಿಕೊಳ್ಳುವುದು ಹೇಗೆ? ಇದನ್ನು ಇಂದಿನ ವ್ಯಾಪಾರಲೋಕದ ಪ್ರಶ್ನೆಯೆಂದೇ ನಾವು ಭಾವಿಸುತ್ತೇವೆ. ‘ಹೊರಗುತ್ತಿಗೆ’ ಎಂಬ ಪದ ಹೊಸದಾದರೂ ಆ ವ್ಯವಹಾರ ಹಳೆಯದು. ಶ್ರವಣಬೆಳ್ಗೊಳದ ಶಾಸನಗಳನ್ನು ಧರ್ಮ, ಸಾಹಿತ್ಯ, ರಾಜವಂಶಗಳ ಚರಿತ್ರೆಗಾಗಿ ಓದುವುದು ವಾಡಿಕೆ. ಅವುಗಳಲ್ಲಿ ಕೆಲವನ್ನು ಒಪ್ಪಂದಪತ್ರಗಳೆಂದು ಓದಿದರೆ ಮಧ್ಯಯುಗದ ಕನ್ನಡನಾಡಿನ ವರ್ತಕರು ನಂಬಿಕೆಯನ್ನು ಹೇಗೆ ಕಟ್ಟುತ್ತಿದ್ದರೆಂಬುದು ಗೋಚರಿಸುತ್ತದೆ.

ಈ ವರ್ತಕರ ಹಿನ್ನೆಲೆಯನ್ನು ಮೊದಲು ನೋಡಬೇಕು. ಇಂದಿನ ಐಹೊಳೆಯಾದ ಅಯ್ಯಾವೊಳೆಯ ಹೆಸರನ್ನು ಹೊತ್ತ ‘ಐನೂರ್ವರು’ ದಕ್ಷಿಣ ಭಾರತದ ಅತಿ ವಿಸ್ತಾರವಾದ ವಣಿಕಸಮುದಾಯ. ಸುಮಾತ್ರಾ ದ್ವೀಪದ ಬಾರೂಸ್‌ನಲ್ಲಿ ದೊರೆತ 1088ರ ತಮಿಳು ಶಾಸನವೂ ಐನೂರ್ವರದೇ. ಇದು ಒಂದೇ ಬಂಡವಾಳದ ಸಂಸ್ಥೆಯಾಗಿರಲಿಲ್ಲ. ಬೇರೆ ಬೇರೆ ಊರು, ಮತ, ಸರಕುಗಳ ವ್ಯಾಪಾರಿಗಳನ್ನು ಒಂದುಗೂಡಿಸಿದ್ದು ‘ಬಣಂಜುಧರ್ಮ’ವೆಂಬ ಸಮಾನ ನಡವಳಿಕೆ ಮತ್ತು ಸಮಾನ ಬಿರುದಾವಳಿ. ಖಂಡಳಿ, ಮೂಲಭದ್ರ ವಂಶೋದ್ಭವರೆಂಬ ವಿಶೇಷಣ ಅವರ ಪ್ರಶಸ್ತಿಯಲ್ಲಿ ಬರುತ್ತದೆ. ಬೆಳ್ಗೊಳದ ‘ನಕರ’ರು, ಅಂದರೆ ಪಟ್ಟಣದ ವರ್ತಕಸಮೂಹದವರು, ತಮ್ಮನ್ನು ಅದೇ ವಿಶೇಷಣದಿಂದ ಗುರುತಿಸಿಕೊಂಡಿದ್ದಾರೆ. ಅಪರಿಚಿತ ಊರಿನಲ್ಲಿ ಇಂತಹ ಹೆಸರೇ ವ್ಯಾಪಾರಿಯ ಮೊದಲ ಜಾಮೀನು.

ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಮಂತ್ರಿಯೂ ಪಟ್ಟಣಸ್ವಾಮಿಯೂ ಆಗಿದ್ದ ನಾಗದೇವನು 1195ರಲ್ಲಿ ಬೆಳ್ಗೊಳದಲ್ಲಿ ನಗರಜಿನಾಲಯವನ್ನು ಕಟ್ಟಿಸಿದನು. ಅದರ ರಕ್ಷಣೆಯನ್ನು ಆತ ಒಪ್ಪಿಸಿದ್ದು ಈ ನಕರರಿಗೆ. ಬಸದಿಯ ಹೆಸರಿನಲ್ಲಿಯೇ ಆ ಹೊಣೆ ಉಳಿದಿದೆ. ಇಲ್ಲಿನ ಲೆಕ್ಕಾಚಾರ ಸರಳವಾದುದು. ಅಧಿಕಾರಿಯ ಪದವಿ ಅಸ್ಥಿರ; ಊರಿನಲ್ಲಿ ನೆಲೆನಿಂತ ವರ್ತಕಸಮೂಹ ತಲೆಮಾರುಗಳವರೆಗೆ ಬಾಳುವಂತಹುದು. ದಾನಿಗೆ ಬೇಕಾದುದು ನಿರಂತರತೆ, ನಕರರಿಗೆ ಬೇಕಾದುದು ಗೌರವ ಮತ್ತು ವಿಶ್ವಾಸಾರ್ಹತೆ.

ಇದೇ ತತ್ತ್ವ 13ನೆಯ ಶತಮಾನದ ಕ್ಷೀರಾಭಿಷೇಕದ ದತ್ತಿಗಳಲ್ಲಿ ಇನ್ನಷ್ಟು ಖಚಿತವಾಗುತ್ತದೆ. ದಾನಿಯು ಕೆಲವು ಗದ್ಯಾಣಗಳನ್ನು ಮೂಲಧನವಾಗಿ ಇರಿಸುತ್ತಾನೆ. ಅದರ ಬಡ್ಡಿಯಿಂದ ಗೊಮ್ಮಟದೇವರ ಅಭಿಷೇಕಕ್ಕೆ ನಿತ್ಯವೂ ಇಂತಿಷ್ಟು ಮಾನ ಹಾಲು ಸಲ್ಲಬೇಕು. ಮೂಲಧನವೆಷ್ಟು, ಬಡ್ಡಿಯೆಷ್ಟು, ಹಾಲೆಷ್ಟು ಎಂಬುದನ್ನು ಕಲ್ಲಿನಲ್ಲಿ ಕಂಡರಿಸಿದ್ದರಿಂದ ಮುಂದೆ ಯಾರೇ ಬಂದು ಅಳೆದು ನೋಡಬಹುದಾಗಿತ್ತು. ಹಾಲು ಒದಗಿಸುವವನ ಒಳ್ಳೆಯತನವೊಂದನ್ನೇ ನೆಚ್ಚಿಕೊಂಡ ವ್ಯವಸ್ಥೆ ಇದಲ್ಲ. ಅವನ ಕೈಯಲ್ಲಿ ಹಣ ದುಡಿಯುತ್ತದೆ, ದಾನಿಯ ಸಂಕಲ್ಪ ನಡೆಯುತ್ತದೆ, ಅಳತೆ ಎಲ್ಲರ ಕಣ್ಣಮುಂದಿರುತ್ತದೆ.

ಇವೆಲ್ಲವೂ ಒಬ್ಬರನ್ನೊಬ್ಬರು ಬಲ್ಲವರ, ಸಮಾನ ಶ್ರದ್ಧೆಯವರ ನಡುವಿನ ವ್ಯವಹಾರಗಳು. ನಂಬಿಕೆಯೇ ಮುರಿದುಹೋದವರ ನಡುವೆ ಇಂತಹ ಒಪ್ಪಂದ ಸಾಧ್ಯವೇ? ಭಂಡಾರಿ ಬಸದಿಯಲ್ಲಿರುವ 1368ರ ಬುಕ್ಕರಾಯನ ಶಾಸನ ಇದಕ್ಕೆ ಉತ್ತರ ಕೊಡುತ್ತದೆ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಪಟ್ಟಣ ಮೊದಲಾದ ನಾಡುಗಳ ಜೈನರು ಶ್ರೀವೈಷ್ಣವರಿಂದ ತಮಗಾದ ಅನ್ಯಾಯವನ್ನು ಅರಸನಿಗೆ ಬಿನ್ನೈಸಿದರು. ಬುಕ್ಕರಾಯನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿರಿಸಿ, ಇಬ್ಬರಲ್ಲಿಯೂ ಭೇದವಿಲ್ಲವೆಂದು ಸಾರಿದನು. ಮತಸಾಮರಸ್ಯದ ನಿದರ್ಶನವಾಗಿ ಪಠ್ಯಪುಸ್ತಕಗಳು ಉಲ್ಲೇಖಿಸುವುದು ಈ ಭಾಗವನ್ನು ಮಾತ್ರ.

ಶಾಸನದ ಮುಂದಿನ ಭಾಗ ಲೆಕ್ಕದ ಮಾತು. ರಾಜ್ಯದ ಜೈನರು ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಜೈನರ ಸಮ್ಮತಿಯಿಂದ ಅದನ್ನು ಸಂಗ್ರಹಿಸುವವರು ತಿರುಮಲೆಯ ತಾತಯ್ಯಗಳು. ಆ ಹಣದಿಂದ ಬೆಳ್ಗೊಳದ ದೇವರ ಅಂಗರಕ್ಷೆಗಾಗಿ 20 ಆಳುಗಳನ್ನು ನೇಮಿಸಬೇಕು. ಮಿಕ್ಕ ಹಣವನ್ನು ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಯಲು ವಿನಿಯೋಗಿಸಬೇಕು. ಇದನ್ನು ಮೀರಿದವನು ರಾಜದ್ರೋಹಿ, ಸಂಘದ್ರೋಹಿ, ಸಮುದಾಯದ್ರೋಹಿ.

ಈ ಏರ್ಪಾಡಿನ ಸೂಕ್ಷ್ಮ ಗಮನಾರ್ಹ. ಯಾರ ವಿರುದ್ಧ ದೂರು ಹುಟ್ಟಿತೋ ಅವರ ಕಡೆಯವರಿಗೇ ರಕ್ಷಣೆಯ ಕೆಲಸ ಒಪ್ಪಿತವಾಯಿತು. ವೈಷ್ಣವರಿಗೆ ಅದರಿಂದ ಹೊಣೆಯೂ ಗೌರವವೂ ದೊರೆತವು. ಜೈನರಿಗೆ ಅಭಯ ದೊರೆಯಿತು. ಸಂಗ್ರಹ ಪರರ ಕೈಯಲ್ಲಿದ್ದರೂ ಕೊಡುವವರ ಸಮ್ಮತಿ ಅವಶ್ಯ. ಮಿಕ್ಕ ಹಣವೂ ಸಂಗ್ರಾಹಕರದಾಗುವಂತಿಲ್ಲ. ಯಾವ ವ್ಯವಹಾರದಲ್ಲಾದರೂ ಜಗಳ ಹುಟ್ಟುವುದು ಹೆಚ್ಚಾಗಿ ಈ ‘ಮಿಕ್ಕ’ ಭಾಗದ ಬಗೆಗೇ. ಶಾಸನವನ್ನು ರಚಿಸಿದವರಿಗೆ ಆ ಎಚ್ಚರವಿತ್ತು.

ಹಾಗೆಂದು ಇದನ್ನು ಸಮಬಲರ ಒಪ್ಪಂದವೆಂದು ವೈಭವೀಕರಿಸಬೇಕಾಗಿಲ್ಲ. ತಮ್ಮ ಕ್ಷೇತ್ರದ ರಕ್ಷಣೆಗೆ ಹಣ ತೆರಬೇಕಾದವರು ಜೈನರೇ. ಅರಸನ ಅಧಿಕಾರ ಹಿಂದಿರದಿದ್ದರೆ ಕೈಗೆ ಕೈ ಸೇರುತ್ತಿತ್ತೆನ್ನಲಾಗದು. ಆದರೂ ದುರ್ಬಲ ಪಕ್ಷಕ್ಕೆ ಬರಿಯ ಆಶ್ವಾಸನೆಗಿಂತ ಎಣಿಸಬಹುದಾದ ಹಣ, ಲೆಕ್ಕ ಹಾಕಬಹುದಾದ ಆಳುಗಳು, ಹೆಸರಿಸಬಹುದಾದ ಹೊಣೆಗಾರರೇ ಹೆಚ್ಚಿನ ಆಸರೆ. ಈ ಶಾಸನ ಅವನ್ನು ಒದಗಿಸಿತು.

ಶಾಸನದ ಕೊನೆಯಲ್ಲಿ ವರ್ತಕನೊಬ್ಬನ ಪ್ರಸ್ತಾಪವಿದೆ. ಕಲ್ಲೆಹದ ಬುಸುವಿಸೆಟ್ಟಿಯು ಬುಕ್ಕರಾಯನಿಗೆ ಬಿನ್ನೈಸಿ, ತಿರುಮಲೆಯ ತಾತಯ್ಯಗಳನ್ನು ಬರಮಾಡಿಕೊಂಡು ಜೀರ್ಣೋದ್ಧಾರ ಮಾಡಿಸಿದನು. ಉಭಯಸಮಯದವರೂ ಕೂಡಿ ಅವನಿಗೆ ‘ಸಂಘನಾಯಕ’ ಪಟ್ಟವನ್ನು ಕಟ್ಟಿದರು. ಜೀರ್ಣೋದ್ಧಾರವೆಂಬ ಮಾತನ್ನು ಕಟ್ಟಡಕ್ಕೆ ಅನ್ವಯಿಸುವಂತೆ ಒಪ್ಪಂದಕ್ಕೂ ಅನ್ವಯಿಸಬಹುದು. ಕಲ್ಲಿನಲ್ಲಿ ಬರೆದ ಮಾತು ಕೂಡ ಕಾಲಕಾಲಕ್ಕೆ ಯಾರಾದರೂ ಮುಂದೆ ನಿಂತು, ಎರಡೂ ಕಡೆಯವರನ್ನು ಕರೆದು ಕೂರಿಸಿ ನವೀಕರಿಸಿದರೆ ಮಾತ್ರ ಬಾಳುತ್ತದೆ. ಎರಡೂ ಕಡೆಯವರ ವಿಶ್ವಾಸ ಗಳಿಸಿದ ಅಂತಹ ಮಧ್ಯವರ್ತಿಯ ಚರಿತ್ರೆಯನ್ನು ನಮ್ಮ ವಾಣಿಜ್ಯ ಇತಿಹಾಸದ ಅಧ್ಯಯನ ಇನ್ನಷ್ಟು ಆಸ್ಥೆಯಿಂದ ಹುಡುಕಬೇಕಾಗಿದೆ.