ಮನೆಮಾತು, ಶಾಲೆಮಾತು: ಹಳಿಯಾಳ–ಜೋಯಿಡಾ ಸೀಮೆಯ ಮಕ್ಕಳ ಭಾಷಾ ವಿಕಾಸ

ಮಗುವಿನ ಮಾತನ್ನು ಶಾಸ್ತ್ರೀಯವಾಗಿ ಗಮನಿಸುವ ಪರಿಪಾಠಕ್ಕೆ ಹೆಚ್ಚು ವಯಸ್ಸಾಗಿಲ್ಲ. ಡಾರ್ವಿನ್ ತಮ್ಮ ಮಗನ ಶೈಶವದ ಟಿಪ್ಪಣಿಗಳನ್ನು ಅಚ್ಚು ಹಾಕಿಸಿದ್ದು 1877ರಲ್ಲಿ. ಆಟದ ನಡುವೆ ಮಕ್ಕಳು ತಮ್ಮಷ್ಟಕ್ಕೆ ತಾವೇ ಆಡಿಕೊಳ್ಳುವ ಮಾತು ಸ್ವಕೇಂದ್ರಿತ ಯೋಚನೆಯ ಗುರುತು, ಬೆಳೆದಂತೆ ಅದು ಮಾಯವಾಗುತ್ತದೆ ಎಂದು 1923ರಲ್ಲಿ ಮನೋವಿಜ್ಞಾನಿ ಪಿಯಾಜೆ ವಾದಿಸಿದರು. 1934ರಲ್ಲಿ ಪ್ರಕಟವಾದ ವೈಗಾಟ್‌ಸ್ಕಿಯವರ ಗ್ರಂಥ ಇದನ್ನು ಒಪ್ಪಲಿಲ್ಲ. ಆ ಮಾತು ಮಾಯವಾಗುವುದಿಲ್ಲ, ಒಳಗಿಳಿಯುತ್ತದೆ. ಮುಂದೆ ಮಗು ಯೋಚಿಸುವುದು ಅದರಿಂದಲೇ. ನನಗೆ ವೈಗಾಟ್‌ಸ್ಕಿಯವರ ನಿಲುವೇ ಸರಿ ಎನಿಸುತ್ತದೆ, ಅದರಲ್ಲೂ ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ನೋಡಿದಾಗ.

ಇಲ್ಲಿ ಮಕ್ಕಳ ಒಳಗಿಳಿಯುವ ಮಾತು ಊರೂರಿಗೆ ಬೇರೆ. ಜೋಯಿಡಾದ ಕುಣಬಿ ಮನೆಗಳಲ್ಲಿ ಕೊಂಕಣಿ. ಹಳಿಯಾಳ, ಮುಂಡಗೋಡದ ಸಿದ್ದಿಯರಲ್ಲಿ ಅವರದೇ ಧಾಟಿಯ ಕೊಂಕಣಿ. ಧನಗರ ಗೌಳಿಗಳ ದಡ್ಡಿಗಳಲ್ಲಿ ಮರಾಠಿಗೆ ಹತ್ತಿರದ ನುಡಿ. 1950ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂದ ಮೇಲೆ ದಾಂಡೇಲಿಯ ಓಣಿಗಳಲ್ಲಿ ಕನ್ನಡದ ಜೊತೆ ಉರ್ದು, ಮರಾಠಿ, ತೆಲುಗು, ಕೊಂಕಣಿಗಳೂ ಸೇರಿಕೊಂಡವು. ಅಂಗನವಾಡಿಯ ಹೊಸ್ತಿಲು ದಾಟಿದ ಮಗುವಿಗೆ ಎದುರಾಗುವುದು ಬಹುಮಟ್ಟಿಗೆ ಕನ್ನಡ.

ಮನೆಮಾತಿನಲ್ಲಿ ಕಲಿಕೆ ಎಂಬ ವಾದ ಈ ಭಾಗಕ್ಕೆ ಹೊಸದಲ್ಲ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು. ಆ ಕಾಲದಲ್ಲಿ ಪಕ್ಕದ ಧಾರವಾಡ ಸೀಮೆಯಲ್ಲಿ ಕನ್ನಡದ ಮಕ್ಕಳು ಮರಾಠಿ ಶಾಲೆಗೆ ಹೋಗಬೇಕಿತ್ತು. ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು ಹಟ ಹಿಡಿದು ಕನ್ನಡ ಶಾಲೆಗಳನ್ನು ತೆರೆಸಿದರು. ಮಗು ಕಲಿಯಬೇಕಾದದ್ದು ತಾಯಿ ಆಡುವ ಮಾತಿನಲ್ಲಿ ಎಂಬ ನ್ಯಾಯ ಅಂದು ಕನ್ನಡದ ಪರವಾಗಿತ್ತು. ಅದೇ ನ್ಯಾಯ ಇಂದು ಕುಣಬಿ ಮಗುವಿಗೂ ಸಲ್ಲಬೇಕು. ಸಂವಿಧಾನದ 350-ಎ ವಿಧಿಯೂ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಸೌಲಭ್ಯ ಇರಲಿ ಎನ್ನುತ್ತದೆ. ಅದು ಜಾರಿಗೆ ಬಂದದ್ದು 1956ರ ನವೆಂಬರ್ 1ರಂದು, ಈ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ದಿನವೇ.

ಕನ್ನಡದ ಮಕ್ಕಳ ಮೇಲೆ ಒಳ್ಳೆಯ ಸಂಶೋಧನೆಗಳು ನಡೆದಿವೆ. ಜೆಫ್ರಿ ಲಿಡ್ಜ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ವರ್ಷದ ಕನ್ನಡ ಮಕ್ಕಳಿಗೆ ವಾಕ್ಯ ಹೇಳಿ, ಅದನ್ನು ಆಟಿಕೆಗಳಿಂದ ಮಾಡಿ ತೋರಿಸಲು ಕೇಳಲಾಯಿತು. 'ಏರು' ಎಂಬುದಕ್ಕೆ 'ಇಸು' ಸೇರಿದರೆ ಒಬ್ಬರು ಇನ್ನೊಬ್ಬರನ್ನು ಏರಿಸಿದರು ಎಂದು ದೊಡ್ಡವರಿಗೆ ತಿಳಿಯುತ್ತದೆ. ಮಕ್ಕಳು ನೆಚ್ಚಿದ್ದು 'ಇಸು'ವನ್ನಲ್ಲ, ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದನ್ನು. ಕೇಳಿದ್ದನ್ನು ಒಪ್ಪಿಸುವುದಷ್ಟೇ ಭಾಷಾಕಲಿಕೆಯಲ್ಲ, ಮಗು ತಾನೇ ಒಂದು ವ್ಯವಸ್ಥೆಯೊಂದಿಗೆ ಭಾಷೆಯೊಳಗೆ ಕಾಲಿಡುತ್ತದೆ ಎಂಬುದಕ್ಕೆ ಇದು ಗಟ್ಟಿ ಸಾಕ್ಷಿ. ಕನ್ನಡ ಲಿಪಿಯ ಕಲಿಕೆಯನ್ನು ಕುರಿತ ಸೊನಾಲಿ ನಾಗ್ ಅವರ 2007ರ ಅಧ್ಯಯನದ ಪ್ರಕಾರ, ಅಕ್ಷರಗಳು ಒಂದೆರಡು ವರ್ಷಕ್ಕೆ ಕೈವಶವಾಗುವುದಿಲ್ಲ. ಕಲಿಕೆ ಮೂರು–ನಾಲ್ಕನೇ ತರಗತಿಯವರೆಗೂ ಎಳೆಯುತ್ತದೆ. ಕನ್ನಡ ಬಲ್ಲ ಮಗುವಿಗೇ ಇಷ್ಟು ಕಾಲ ಬೇಕು.

ಕೊಂಕಣಿ ಮನೆಯ ಮಗು ಶಾಲೆಗೆ ಏನನ್ನು ಹೊತ್ತು ಬರುತ್ತದೆ? ಅದರ ನುಡಿಯಲ್ಲಿ ವಸ್ತುಗಳಿಗೂ ಲಿಂಗವುಂಟು. ಕೈಯಾದರೆ 'ಮ್ಹಜೊ ಹಾತ್', ದಾರಿಯಾದರೆ 'ಮ್ಹಜಿ ವಾಟ್', ಮನೆಯಾದರೆ 'ಮ್ಹಜೆಂ ಘರ್'. ಈ ಮೂರು ರೂಪಗಳನ್ನು ಅದು ಯಾರ ಪಾಠವೂ ಇಲ್ಲದೆ ಕಲಿತಿರುತ್ತದೆ. ಕನ್ನಡದಲ್ಲಿ ಮೂರಕ್ಕೂ 'ನನ್ನ' ಒಂದೇ ಸಾಕು, ಲಿಂಗಭೇದ ಕಾಣುವುದು ಬಂದನು, ಬಂದಳು, ಬಂತು ಎಂಬಲ್ಲಿ. ಇಂಥ ಎರಡು ವ್ಯಾಕರಣಗಳನ್ನು ಒಟ್ಟಿಗೆ ತೂಗಿಸುತ್ತಿರುವ ಮಗು ಒಂದನೇ ತರಗತಿಯಲ್ಲಿ ಮೌನವಾಗಿ ಕುಳಿತರೆ ಅದನ್ನು ದಡ್ಡತನವೆಂದು ಬರೆದಿಡುವುದು ಅನ್ಯಾಯ.

ಈ ಅನ್ಯಾಯವನ್ನು ವಿದ್ವಾಂಸರೂ ಮಾಡಿದ್ದರು. ಎರಡು ಭಾಷೆ ಬಲ್ಲ ಮಕ್ಕಳ ಬುದ್ಧಿ ಮಂಕು ಎಂದು 1923ರ ವೇಲ್ಸ್ ಅಧ್ಯಯನವೊಂದು ತೀರ್ಮಾನಿಸಿತ್ತು. 1962ರಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಮಾಂಟ್ರಿಯಲ್‌ನಲ್ಲಿ ಸಮಾನ ಆರ್ಥಿಕ ಸ್ಥಿತಿಯ ಮಕ್ಕಳನ್ನು ಹೋಲಿಸಿದಾಗ ಫಲ ತಿರುಗುಮುರುಗಾಯಿತು. ನಮಗೆ ಇನ್ನೂ ಹತ್ತಿರದ್ದು ಒಡಿಶಾದಲ್ಲಿ ಅಜಿತ್ ಮೊಹಂತಿಯವರು ಮಾಡಿದ ಕೆಲಸ. ಕಂಧ ಸಮುದಾಯದಲ್ಲಿ ಕುಯಿ ಮತ್ತು ಒಡಿಯಾ ಎರಡನ್ನೂ ಉಳಿಸಿಕೊಂಡ ಮಕ್ಕಳು, ಒಡಿಯಾ ಒಂದನ್ನೇ ಆಡುವ ಕಂಧ ಮಕ್ಕಳಿಗಿಂತ ಭಾಷೆಯ ಕುರಿತ ಯೋಚನೆಯಲ್ಲಿ ಮುಂದಿದ್ದರು. ಮನೆಮಾತನ್ನು ಬಿಡಿಸಿ ಶಾಲೆಮಾತನ್ನು ಕೊಟ್ಟರೆ ಈ ಲಾಭ ಕೈತಪ್ಪುತ್ತದೆ.

ಮುಂಡಗೋಡದಲ್ಲಿ 1966ರಲ್ಲಿ ನೆಲೆಯಾದ ಟಿಬೆಟನ್ನರು ಇದನ್ನು ಚೆನ್ನಾಗಿ ಅರಿತವರು. ದೇಶಾಂತರದಲ್ಲಿದ್ದೂ ಎಳೆಯರಿಗೆ ತಮ್ಮ ನುಡಿಯಲ್ಲೇ ಕಲಿಸಬೇಕೆಂಬುದು ಅವರ 2004ರ ಶಿಕ್ಷಣ ನೀತಿಯ ತಿರುಳು. ಅದೇ ತಾಲ್ಲೂಕಿನ ಸಿದ್ದಿ, ಗೌಳಿ ಮಕ್ಕಳಿಗೂ ಅಂಥ ಆಸರೆ ಬೇಕು. ಅದಕ್ಕೆ ಕನ್ನಡವನ್ನು ಕೈಬಿಡಬೇಕಾಗಿಲ್ಲ. ಮನೆಮಾತಿನ ಮೂಲಕ ಕನ್ನಡಕ್ಕೆ ಬಂದ ಮಗು ಕನ್ನಡದಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ. ಅಂಗನವಾಡಿಗಳಿಗೆ ಆಯಾ ಊರಿನ ಮಾತು ಬಲ್ಲವರನ್ನೇ ನೇಮಿಸಬೇಕು, ಮೊದಲ ಎರಡು ತರಗತಿಗಳಲ್ಲಿ ಮಗು ತನ್ನ ಮಾತಿನಲ್ಲೇ ಉತ್ತರಿಸಲು ಬಿಡಬೇಕು. ಹಳಿಯಾಳಕ್ಕೆ ಹತ್ತಿರದ ಧಾರವಾಡದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ತರುಣ ಸಂಶೋಧಕರು ಈ ಮಕ್ಕಳ ಮಾತನ್ನು ಎರಡನೇ ವಯಸ್ಸಿನಿಂದ ಎಂಟರವರೆಗೆ ಬೆನ್ನುಹತ್ತಿ ದಾಖಲಿಸಲಿ.