ಖಡಿ, ಮುರಂ ಮತ್ತು ಬರ: ಹಿರೋಳ್ಳಿಯಿಂದ ಜೇವರ್ಗಿಯವರೆಗಿನ ಹಾದಿಗಳು

ವಾಗ್ದರಿ–ರಿಬ್ಬನಪಲ್ಲಿ ಎಂಬ ಹೆಸರಿನ ರಾಜ್ಯ ಹೆದ್ದಾರಿಯೊಂದು ನಮ್ಮ ಕಲಬುರಗಿ ಜಿಲ್ಲೆಯಲ್ಲಿದೆ. ಆಳಂದ, ಕಲಬುರಗಿ, ಸೇಡಂ ಎಂಬ ದೊಡ್ಡ ಊರುಗಳನ್ನು ಅದು ಹಾದುಹೋದರೂ ಹೆಸರಿನಲ್ಲಿ ಅವಾವುವೂ ಇಲ್ಲ. ವಾಗ್ದರಿ ಮಹಾರಾಷ್ಟ್ರದ ಅಕ್ಕಲಕೋಟ ತಾಲ್ಲೂಕಿನದು, ರಿಬ್ಬನಪಲ್ಲಿ ತೆಲಂಗಾಣದ ಅಂಚಿನದು. ಎರಡು ಗಡಿಗಳ ಹೆಸರು ಹೊತ್ತ ಈ ರಸ್ತೆ ಕರ್ನಾಟಕದೊಳಕ್ಕೆ ಕಾಲಿಡುವ ಊರೇ ಹಿರೋಳ್ಳಿ. ನಾನು ಬರೆಯಹೊರಟದ್ದು ಮಾತ್ರ ಈ ಡಾಂಬರಿನ ಬಗ್ಗೆ ಅಲ್ಲ. ಡಾಂಬರು ಬಿಟ್ಟು ದಕ್ಷಿಣಕ್ಕೆ ಇಳಿಯುವ, ಅಫಜಲಪುರದ ತೊಗರಿ ಹೊಲಗಳ ನಡುವೆ ಸಾಗಿ ಭೀಮಾ ನದಿ ದಾಟಿ ಜೇವರ್ಗಿ ಸೇರುವ ಮುರಂ ಹಾದಿಗಳ ಬಗ್ಗೆ.

ಈಗ ‘ಗ್ರಾವೆಲ್ ಸೈಕ್ಲಿಂಗ್’ ಎಂಬ ಹೊಸ ಹವ್ಯಾಸ ಬಂದಿದೆ. ಅಗಲ ಟೈರಿನ ಸೈಕಲ್ ಹತ್ತಿ ಜಲ್ಲಿಹಾದಿಯಲ್ಲಿ ನೂರಾರು ಮೈಲಿ ಹೋಗುವುದು. ಅಮೆರಿಕದ ಕ್ಯಾನ್ಸಾಸ್‌ನಲ್ಲಿ 2006ರಲ್ಲಿ ಶುರುವಾದ 200 ಮೈಲಿಯ ಓಟ ಇವತ್ತು ಈ ಹವ್ಯಾಸಿಗಳ ಜಾತ್ರೆಯಾಗಿದೆ. ಮರುಭೂಮಿ, ಒಣ ಬಯಲು, ಕಡಲ ದಂಡೆ ಎಲ್ಲಿದ್ದರೂ ಅವರು ಹುಡುಕಿಕೊಂಡು ಹೋಗುತ್ತಾರೆ. ನಮ್ಮ ದೇಶಕ್ಕೆ ಇದು ತೀರಾ ಹೊಸದೂ ಅಲ್ಲ. 1923ರಲ್ಲಿ ಮುಂಬಯಿಯಿಂದ ಹೊರಟ ಪಾರ್ಸಿ ತರುಣರಲ್ಲಿ ಅದಿ ಹಕೀಮ್, ಜಾಲ್ ಬಾಪಸೋಲಾ, ರುಸ್ತುಂ ಭೂಮ್ಗರಾ ಎಂಬ ಮೂವರು ಸೈಕಲ್ ಮೇಲೆಯೇ ಜಗತ್ತು ಸುತ್ತಿ 1928ರಲ್ಲಿ ಮರಳಿದರು. ಪರ್ಷಿಯಾ, ಸಿರಿಯಾ, ಸಿನಾಯ್‌ಗಳ ಮರಳಿನಲ್ಲಿ ಅವರಿಗೆ ಸಿಕ್ಕ ಹಾದಿಯನ್ನು ಯಾರೂ ಹವ್ಯಾಸಕ್ಕೆಂದು ಹಾಸಿರಲಿಲ್ಲ. ಹಿರೋಳ್ಳಿಯ ಹಾದಿಯನ್ನೂ ಹಾಗೆ ಹಾಸಿಲ್ಲ. ಯಾರು ಹಾಸಿದರು ಎಂಬುದೇ ನನ್ನ ಕುತೂಹಲ.

ಸೈಕಲ್ ತುಳಿಯುವವನಿಗೆ ಈ ಸೀಮೆಯಲ್ಲಿ ಮೊದಲು ಅರ್ಥವಾಗುವುದು ಮಣ್ಣು. ಎರೆಯಲ್ಲಿ ಬೇಸಿಗೆಯಲ್ಲಿ ಗಾಲಿ ಸಿಕ್ಕಿಕೊಳ್ಳುವಷ್ಟು ಬಿರುಕು. ಒಂದು ಹದ ಮಳೆಯಾದರೆ ಅದೇ ಎರೆ ಗಾಲಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಸೈಕಲ್ಲನ್ನೇ ಹೆಗಲ ಮೇಲೆ ಹೊರಿಸುತ್ತದೆ. ಆದ್ದರಿಂದ ಹಳೆಯ ಬಂಡಿಹಾದಿಗಳು ಎರೆಯನ್ನು ಆದಷ್ಟು ತಪ್ಪಿಸಿ ಮರಡಿಯ ಮೇಲೇ ಸಾಗುತ್ತವೆ. ಮರಡಿ ಎಂದರೆ ಬೆಳೆಗೆ ಬಾರದ, ಕಲ್ಲು ಎದ್ದ ದಿಬ್ಬ. ಹಳ್ಳ ಎರಡೂ ಬದಿಗೆ ಹರಿದು ಹೋಗುವ ಏರು. ಬಸಾಲ್ಟ್ ಶಿಲೆ ಶಿಥಿಲಗೊಂಡು ಆಗುವ ಮುರಂ ಅಲ್ಲಿ ತಾನಾಗಿಯೇ ಸಿಗುತ್ತದೆ. ಸೊಟ್ಟಸೊಟ್ಟ ಸಾಗುವ ಈ ಹಾದಿಗಳನ್ನು ಕಂಡು ಹಳ್ಳಿಯವರಿಗೆ ನೇರ ಹಾದಿ ಹಾಕಲು ಬರಲಿಲ್ಲವೆಂದು ನಗುವವರಿದ್ದಾರೆ. ಜುಲೈಯಲ್ಲೊಮ್ಮೆ ಅವರು ನೇರ ಹೋಗಿ ನೋಡಲಿ.

ಹಳಗನ್ನಡ ಶಾಸನಗಳಲ್ಲಿ ಹಾದಿಗೆ ‘ಬಟ್ಟೆ’ ಎಂದೂ ಹೆದ್ದಾರಿಗೆ ‘ಹೆಬ್ಬಟ್ಟೆ’ ಎಂದೂ ಹೆಸರು. ದಾನಕೊಟ್ಟ ಹೊಲದ ಎಲ್ಲೆ ಹೇಳುವಾಗ ಕಲ್ಲು, ಹಳ್ಳ, ಮರಗಳ ಜೊತೆಗೆ ಬಟ್ಟೆಯನ್ನೂ ಗುರುತು ಮಾಡುತ್ತಿದ್ದರು. ಆಳಂದ ಆಗ ‘ಅಲಂದೆ ಸಾಸಿರ’ ನಾಡಿನ ಮುಖ್ಯ ಊರು. ಕಲ್ಯಾಣವೂ ಮಾನ್ಯಖೇಟವೂ ಇಲ್ಲಿಂದ ದೂರವಿಲ್ಲ. ಏಕಾಂತದ ರಾಮಯ್ಯ ಅಲಂದೆಯವನೆಂದೂ ಅಲ್ಲಿಂದ ಹುಲಿಗೆರೆಗೆ, ಮುಂದೆ ಅಬ್ಬಲೂರಿಗೆ ಹೋದನೆಂದೂ ಇಂದಿನ ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನ ಹೇಳುತ್ತದೆ. ಆಳಂದದಿಂದ ಲಕ್ಷ್ಮೇಶ್ವರದ ಕಡೆಗೆ ಹೊರಟ ಮನುಷ್ಯ ಭೀಮೆಯನ್ನೂ ಕೃಷ್ಣೆಯನ್ನೂ ದಾಟಲೇಬೇಕು. ಶಾಸನಕ್ಕೆ ಅವನ ಪವಾಡ ಮುಖ್ಯ. ನನ್ನಂಥವನಿಗೆ ಆ ನಡಿಗೆಯೂ ಸಣ್ಣ ಪವಾಡವಾಗಿ ಕಾಣುವುದಿಲ್ಲ.

ಆದರೆ ಜಲ್ಲಿ ಒಡೆದು ಹಾಸುವ ರಸ್ತೆ ಇಲ್ಲಿಗೆ ಬಂದದ್ದು 19ನೆಯ ಶತಮಾನದಲ್ಲಿ. ಸಣ್ಣಗೆ ಒಡೆದ ಕಲ್ಲನ್ನು ಪದರವಾಗಿ ಹಾಸಿದರೆ ಗಾಡಿಯ ಭಾರಕ್ಕೇ ಅದು ಗಟ್ಟಿಯಾಗುತ್ತದೆಂದು ಸ್ಕಾಟ್ಲೆಂಡಿನ ಮ್ಯಾಕಾಡಮ್ ತೋರಿಸಿದ್ದ. ಸುರಪುರದಲ್ಲಿ ಆಡಳಿತ ನಡೆಸಿ ಹೆಸರಾದ ಮೆಡೋಸ್ ಟೇಲರ್ 1853ರ ನಂತರ ನಳದುರ್ಗ ಸೀಮೆಯಲ್ಲಿದ್ದಾಗ ಆಸ್ಥೆಯಿಂದ ರಸ್ತೆ ಮಾಡಿಸಿದ. ಹಿರೋಳ್ಳಿಯ ಉತ್ತರಕ್ಕೆ ಹಾಯುವ ಸೊಲ್ಲಾಪುರ–ಹೈದರಾಬಾದ್ ದಾರಿ ಹೀಗೆ ಪಕ್ಕಾ ಆಗುತ್ತ ಬಂತು. ದಕ್ಷಿಣದಲ್ಲಿ ಸೊಲ್ಲಾಪುರ, ದುಧನಿ, ಕಲಬುರಗಿ ಮೇಲೆ ಹಾಯ್ದ ರೈಲು 1871ರಲ್ಲಿ ರಾಯಚೂರು ಮುಟ್ಟಿತು. ಎರಡರ ನಡುವಿನ ಹಳ್ಳಿಗಳಿಗೆ ಉಳಿದದ್ದು ಬಂಡಿಹಾದಿ.

ಆಮೇಲೆ ಬಂದದ್ದು 1876–78ರ ಬರ. ಮುಂಬಯಿ ಪ್ರಾಂತ್ಯದ ಸೊಲ್ಲಾಪುರ, ಕಲಾದಗಿ ಜಿಲ್ಲೆಗಳು, ಮದ್ರಾಸಿನ ಬಳ್ಳಾರಿ, ಮೈಸೂರು ಸಂಸ್ಥಾನ, ನಿಜಾಮರ ಈ ಪಶ್ಚಿಮ ತಾಲ್ಲೂಕುಗಳು, ಎಲ್ಲವೂ ಬೆಂದವು. ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲೇ ಸುಮಾರು 55 ಲಕ್ಷ ಜನ ಸತ್ತರೆಂಬುದು ರೂಢಿಯ ಅಂದಾಜು. ಸರ್ಕಾರ ಪುಕ್ಕಟೆ ಅನ್ನ ಹಾಕಲು ಹಿಂಜರಿದು ಕೆಲಸ ಕೊಟ್ಟಿತು. ಆ ಕೆಲಸಗಳಲ್ಲಿ ಮುಖ್ಯವಾದದ್ದು ಮಣ್ಣು ಅಗೆಯುವುದು, ಕಲ್ಲು ಒಡೆಯುವುದು, ರಸ್ತೆ ಹಾಕುವುದು. 1877ರ ಆರಂಭದಲ್ಲಿ ವೈಸರಾಯ್ ಲಿಟ್ಟನ್ ಕಳುಹಿಸಿದ ರಿಚರ್ಡ್ ಟೆಂಪಲ್ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡ್ ಧಾನ್ಯಕ್ಕೆ, ಮೇಲಿಷ್ಟು ಪುಡಿಗಾಸಿಗೆ ಇಳಿಸಿದ. ಒಂದು ಪೌಂಡ್ ಎಂದರೆ ಸುಮಾರು 450 ಗ್ರಾಂ. ಇಡೀ ದಿನ ಸುತ್ತಿಗೆ ಎತ್ತುವವನಿಗೆ ಅಷ್ಟು ಧಾನ್ಯ ಸಾಲದೆಂದು ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಲಿಖಿತವಾಗಿಯೇ ಜಗಳವಾಡಿದ. ಮುಂಬಯಿ ಪ್ರಾಂತ್ಯದಲ್ಲಿ ಜನ ಗುಂಪುಗುಂಪಾಗಿ ಕೆಲಸ ಬಿಟ್ಟು ನಡೆದರು. ಪುಣೆ ಸಾರ್ವಜನಿಕ ಸಭೆ ಅವರ ಪರ ಅರ್ಜಿ ಬರೆಯಿತು. ನನ್ನ ಮಟ್ಟಿಗೆ ದಖನ್ನಿನ ರಸ್ತೆ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಘಟನೆಯಿಲ್ಲ. ನಮ್ಮ ಪಠ್ಯಗಳು ರಸ್ತೆಯನ್ನು ಆಡಳಿತಗಾರರ ಸಾಧನೆಗಳ ಪಟ್ಟಿಯಲ್ಲಿ ಸೇರಿಸಿ ಮುಂದೆ ಹೋಗುತ್ತವೆ.

1880ರ ಬರ ಆಯೋಗ, 1883ರ ಬರ ಸಂಹಿತೆ ಈ ಪದ್ಧತಿಯನ್ನು ನಿಯಮವಾಗಿಸಿದವು: ಬರ ಬಿದ್ದರೆ ಕಾಮಗಾರಿ ತೆರೆ, ಖಡಿ ಒಡೆಸು, ಅಳೆದು ಕೂಲಿ ಕೊಡು. 1972ರ ಬರದಲ್ಲಿ ಮಹಾರಾಷ್ಟ್ರದಲ್ಲಿ ಲಕ್ಷಾಂತರ ಜನ ಮಾಡಿದ್ದೂ ಇದನ್ನೇ. ಆ ಅನುಭವದಿಂದ ಅಲ್ಲಿ ಉದ್ಯೋಗ ಖಾತರಿ ಯೋಜನೆ ಹುಟ್ಟಿತು, 1977ರಲ್ಲಿ ಕಾಯ್ದೆಯಾಯಿತು. 2005ರ ರಾಷ್ಟ್ರೀಯ ಕಾಯ್ದೆಗೆ ಅದೇ ಮಾದರಿ. ಗಡಿಯ ಈಚೆಗೂ ಎಪ್ಪತ್ತೆರಡರ ಬರವೆಂದರೆ ಹಿರಿಯರಿಗೆ ನೆನಪಾಗುವುದು ಖಡಿಯೇ. ಹಿರೋಳ್ಳಿಯ ಕಡೆಯ ಅಜ್ಜಿಯೊಬ್ಬರು ನನ್ನ ಸೈಕಲ್ ಚೀಲದಿಂದ ಬಿದ್ದ ಕಲ್ಲನ್ನು ಕೈಯಲ್ಲಿ ಹಿಡಿದು, ಇದು ಒಡೆದದ್ದಲ್ಲ, ತಾನಾಗಿ ಉದುರಿದ್ದು ಅಂದರು. ಒಡೆದ ಖಡಿಗೆ ಮೂಲೆಗಳಿರುತ್ತವೆ, ಮುರಂಗೆ ಇರುವುದಿಲ್ಲ. ಪ್ರಯೋಗಾಲಯವಿಲ್ಲದೆ ರಸ್ತೆಯ ಕಾಲ ಗುರುತಿಸುವುದನ್ನು ನಾನು ಕಲಿತದ್ದು ಅವರಿಂದ.

ಈ ಹಾದಿಗಳಿಗೆ ಮತ್ತೊಂದು ಚರಿತ್ರೆಯೂ ಇದೆ. ಹಿರೋಳ್ಳಿಯ ಪಶ್ಚಿಮದ ಗೆರೆ 1948ರವರೆಗೆ ನಿಜಾಮರ ರಾಜ್ಯದ ಗಡಿ. ದೊಡ್ಡ ದಾರಿಗಳ ಮೇಲೆ ಕರೋಡಗಿರಿ, ಅಂದರೆ ಸುಂಕದ ನಾಕೆಗಳು. 1947–48ರಲ್ಲಿ ರಜಾಕಾರರ ಹಾವಳಿಗೆ ಅಂಜಿ ಹೈದರಾಬಾದ್ ಕರ್ನಾಟಕದ ಹಳ್ಳಿಗಳಿಂದ ಸೊಲ್ಲಾಪುರ ಸೀಮೆಗೆ ದಾಟಿದವರು ಬಹಳ. ಗಡಿಯಾಚೆ ಶಿಬಿರ ಹೂಡಿ ನಾಕೆಗಳ ಮೇಲೆ ಎರಗಿದ ಹೋರಾಟಗಾರರೂ ಇದ್ದರು. ಇವರೆಲ್ಲರಿಗೆ ಆಸರೆಯಾದದ್ದು ನಾಕೆಯಿಲ್ಲದ ಹೊಲದ ಹಾದಿ. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಬಂದಾಗ ಅದರ ಟ್ಯಾಂಕುಗಳು ಹಿಡಿದದ್ದು ನಳದುರ್ಗದ ಖಡಿ ರಸ್ತೆ. ಟ್ಯಾಂಕಿಗೆ ಎರೆಯನ್ನು ನಂಬಲಾಗದು. ಆಮೇಲೆ 1956ರಲ್ಲಿ ಗಡಿಗೆ ಬೇರೆ ಹೆಸರು, 1960ರಲ್ಲಿ ಮತ್ತೊಂದು. ಅಕ್ಕಲಕೋಟ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಗೆರೆ ಇದ್ದಲ್ಲೇ ಇದೆ. 2020ರ ಕೋವಿಡ್ ಕಾಲದಲ್ಲಿ ಹಿರೋಳ್ಳಿಯಲ್ಲಿ ಮತ್ತೆ ತನಿಖಾ ನಾಕೆ ಎದ್ದಿತು. ಮುಂಬಯಿ, ಪುಣೆಗಳಿಂದ ಕೆಲಸ ಕಳೆದುಕೊಂಡು ಊರಿಗೆ ಬರುತ್ತಿದ್ದವರಿಗೆ ಅಜ್ಜ ದಾಟಿದ್ದ ಹಾದಿಗಳು ಮರೆತಿರಲಿಲ್ಲ.

ಗಾಣಗಾಪುರದ ಬಳಿ ಅಮರ್ಜಾ ಭೀಮೆಯನ್ನು ಸೇರುತ್ತದೆ. ಸಂಗಮದ ದತ್ತನ ಭಕ್ತರು ರೈಲಿಳಿದು ಬಂಡಿಯಲ್ಲಿ ಬರುತ್ತಿದ್ದ ಕಾಲದ ದಾರಿ ಈಗ ಪೂರಾ ಡಾಂಬರು. ಅದನ್ನು ಬಿಟ್ಟುಬಿಡುತ್ತೇನೆ. ಘತ್ತರಗಿಯ ಸೇತುವೆ ದೊಡ್ಡ ನೆರೆಗೆ ಮುಳುಗುತ್ತದೆ, 2020ರ ಅಕ್ಟೋಬರ್‌ನಲ್ಲೂ ಮುಳುಗಿತು. ನದಿ ದಾಟಿ ಜೇವರ್ಗಿ ತಾಲ್ಲೂಕಿಗೆ ಬಂದರೆ ಕೆಲವೆಡೆ ಕಪ್ಪು ಕಲ್ಲು ಹಿಂದಾಗಿ ಫರಸಿಯ ತೆಳು ಬಿಳಿ ಚಕ್ಕೆಗಳು ಗಾಲಿಯ ಕೆಳಗೆ ಕಟಕಟ ಅನ್ನುತ್ತವೆ. ಟೈರ್ ಸೀಳುವುದೂ ಅವೇ.

ಗ್ರಾಮ ನಕಾಶೆಯಲ್ಲಿ ಬಂಡಿಹಾದಿಗೆ ಜೋಡು ಚುಕ್ಕಿಗೆರೆ ಇರುತ್ತದೆ. ನಕಾಶೆ ಹಿಡಿದು ಸೈಕಲ್ ತುಳಿದರೆ ಎಷ್ಟೋ ಕಡೆ ಗೆರೆ ಇದೆ, ಹಾದಿಯಿಲ್ಲ. ಎರಡೂ ಬದಿಯ ಹೊಲದವರು ವರ್ಷಕ್ಕೊಂದು ಸಾಲು ಒಳಗೆ ಉತ್ತು ಅದನ್ನು ಮುಗಿಸಿದ್ದಾರೆ. ಬಂಡಿ ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಬೇಕಾದ ಅಗಲ ಹೆಚ್ಚಿತು, ಇದ್ದ ಅಗಲ ಕಡಿಮೆಯಾಯಿತು. ಸಿಕ್ಕಿಬೀಳುವವರು ಒಳಗಡೆ ಎರಡು ಮೂರು ಎಕರೆ ಇದ್ದವರು. ಬಲವುಳ್ಳವರ ಹೊಲ ಸಾಮಾನ್ಯವಾಗಿ ರಸ್ತೆಗೇ ಹತ್ತಿರುತ್ತದೆ. ರಾಶಿ ಮಾಡಿದ ತೊಗರಿಯನ್ನು ತಲೆಮೇಲೆ ಹೊತ್ತು ತರುವ, ಇಲ್ಲವೇ ಪಕ್ಕದವನ ಬೆಳೆ ಕೊಯ್ಲಾಗುವವರೆಗೆ ಕಾಯುವ ಒಕ್ಕಲು ಇಂದಿಗೂ ಇದೆ. ‘ನಮ್ಮ ಹೊಲ ನಮ್ಮ ದಾರಿ’ ಎಂದು ಉದ್ಯೋಗ ಖಾತರಿಯಲ್ಲಿ ಮತ್ತೆ ಮುರಂ ಹಾಸುತ್ತಾರೆ. ಹಾಸುವ ಮೊದಲು ಮಾತ್ರ ಹಾದಿ ಎಲ್ಲಿತ್ತೆಂದು ಜಗಳವಾಡಬೇಕು. ಆ ಜಗಳದಲ್ಲಿ ಹಳೆಯ ನಕಾಶೆಯೇ ಸಾಕ್ಷಿ. ನನ್ನಂಥ ಸಂಶೋಧಕರು ನಕಾಶೆಯ ಪ್ರತಿ ಕೇಳಿದಾಗ ರೈತರೂ ಒಂದು ಪ್ರತಿ ಕೇಳುವುದು ಅದಕ್ಕೇ.

ಸೀಗಿ ಹುಣ್ಣಿಮೆಯ ಮುಂಚೆ ಈ ಕಡೆಯ ಜನ ತುಳಜಾಪುರದ ಅಂಬಾಭವಾನಿಗೆ ನಡೆದುಕೊಂಡು ಹೋಗುತ್ತಾರೆ, ಬಹಳ ಮಂದಿ ಬರಿಗಾಲಲ್ಲಿ. ಹಗಲೇರಿದ ಮೇಲೆ ಡಾಂಬರು ಕಾಲು ಸುಡುತ್ತದೆ. ಆಗ ಅವರು ರಸ್ತೆಯಿಂದ ಕೆಳಗಿಳಿದು, ಅಂಚಿನ ಮಣ್ಣಿನ ಹಾದಿಯಲ್ಲಿ ಒಬ್ಬರ ಹಿಂದೊಬ್ಬರು ಸಾಲಾಗಿ ನಡೆಯುತ್ತಾರೆ.